ತೊಟ್ಟಿಲ ಕೆಳಗಿನ ಅಡಕೊತ್ತು

ಬ್ಯೂನಾ ವಿಸ್ಟಾದ ಈ ಕಾಂಡೋ ಫ್ಲ್ಯಾಟಿಗೆ ನಾನು ಬಂದಿಳಿದು ಮೂರು ದಿನ. ಮೂರು ದಿನವೂ ಒಂದೇ ಜಗಳ. ಗದಗಿನಿಂದ ಬಾಣಂತನಕ್ಕೆ ಬಂದಿರುವ ದೊಡ್ಡವ್ವ ಮೊಮ್ಮಗಳ ತೊಟ್ಟಿಲ ಕೆಳಗೆ ಕಬ್ಬಿಣದ ಅಡಕೊತ್ತು ಇಡುತ್ತಾಳೆ. ಅವಳ ಮಗಳು ಶಿಲ್ಪಾ ಅದನ್ನು ತೆಗೆದು ಅಡುಗೆಮನೆಗೆ ಸಾಗಿಸುತ್ತಾಳೆ.

"ಅವ್ವಾ, ಇದು ಸಿಂಗಾಪುರ. ನೈಬರ್ಸ್ ನೋಡಿದ್ರ ಏನ್ ಅನ್ಕೋತಾರ?"

ಇಂದು ಬೆಳಿಗ್ಗೆ ನೋಡಿಯೇಬಿಟ್ಟರು. ಪಕ್ಕದ ಮನೆಯ ನೋರಾ ಆಂಟಿ ಐರ್ಲೆಂಡಿನ ಹಳ್ಳಿಯವರು. ಮಗುವನ್ನು ನೋಡಲು ಬಂದವರು ಅಡಕೊತ್ತು ಕಂಡದ್ದೇ ಕುರ್ಚಿ ಎಳೆದುಕೊಂಡು ಕೂತರು. ತಮ್ಮೂರ ಗುಡ್ಡದೊಳಗೆ ಕಣ್ಣಿಗೆ ಕಾಣದ ಕೆಲವರಿದ್ದಾರಂತೆ. ಹೆಸರು ಹಿಡಿದರೆ ಸಿಟ್ಟಾಗುತ್ತಾರೆಂದು ಊರವರು ಅವರನ್ನು 'ಒಳ್ಳೆಯವರು' ಎಂದೇ ಕರೆಯುವುದು. ಚೆಂದದ ಕೂಸು ಕಂಡರೆ ಎತ್ತಿಕೊಂಡು, ತಮ್ಮ ಬಡಕಲು ಕೂಸನ್ನು ಮಲಗಿಸಿ ಹೋಗುತ್ತಾರೆ. ಅವರಿಗೆ ಹೆದರಿಕೆ ಕಬ್ಬಿಣದ್ದು. ಅದಕ್ಕೇ ನೋರಾರ ಅಜ್ಜಿ ತೊಟ್ಟಿಲ ಮೇಲೆ ಒಲೆಯ ಇಕ್ಕಳವನ್ನು ಅಡ್ಡ ಇಡುತ್ತಿದ್ದಳಂತೆ.

ನಾನು ಇದನ್ನೆಲ್ಲ ದೊಡ್ಡವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಇಕ್ಕಳಾನೂ ನಡೀತೈತಿ" ಎಂದಳು ದೊಡ್ಡವ್ವ, ಪರೀಕ್ಷೆಯಲ್ಲಿ ಪಾಸು ಮಾಡುವ ಮೇಷ್ಟರ ಹಾಗೆ.

ಹೊರಡುವಾಗ ನೋರಾ ಆಂಟಿ ಶಿಲ್ಪಾಳ ಭುಜ ತಟ್ಟಿದರು. ತಮಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ಆದರೂ ಅದನ್ನು ತೆಗೆಯಬೇಡ ಎಂದರು.

ಸಂಜೆ ಮಗುವನ್ನು ಕ್ಲಿನಿಕ್ಕಿಗೆ ಒಯ್ಯಬೇಕಿತ್ತು. ಲಿಫ್ಟಿನವರೆಗೆ ಹೋದ ಶಿಲ್ಪಾ ವಾಪಸ್ ಬಂದಳು.

"ಅವ್ವಾ, ಅದನ್ನ ಕೊಡು."

"ಯಾವುದು?" ಎಂದಳು ದೊಡ್ಡವ್ವ. ಮಗಳ ಬಾಯಿಂದ ಅದರ ಹೆಸರು ಬರುವವರೆಗೂ ಅಡಕೊತ್ತು ಹಿಡಿದ ಕೈಯನ್ನು ಸೆರಗಿನಿಂದ ಈಚೆ ತೆಗೆಯಲಿಲ್ಲ.