ಸೋಮವಾರದ ರೈಟ್ ಮಾರ್ಕು

2023ರ ಜೂನ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ, ಮಸ್ಕಿಯಲ್ಲಿ ಹೆಂಗಸರು ಕೂಡಿ ನಡೆಸುವ ಒಂದು ಖಡಕ್ ರೊಟ್ಟಿ ಕೇಂದ್ರ. ಹಾಜರಿದ್ದವರು ಮೂವರು: ಕೇಂದ್ರದ ಹಿರಿಯರಾದ ನೀಲಮ್ಮ, ಅಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸುಜಾತಾ, ಮತ್ತು ನಾನು.

ನಾನು ಮೂವತ್ತನಾಲ್ಕು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಲಿಂಗಸುಗೂರಿನಲ್ಲಿ ನಿವೃತ್ತನಾದವನು. ಸುಮ್ಮನೆ ಕೂಡಲಾರದೆ ವೆಬ್‌ಸೈಟ್ ನಡೆಸುವ ಕೆಲಸ ಕಲಿತೆ. ಆ ಹೊತ್ತಿಗೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೇರಿ ಒಂಬತ್ತು ವೆಬ್‌ಸೈಟುಗಳು ನನ್ನ ಸುಪರ್ದಿಯಲ್ಲಿದ್ದವು. ಒಂಬತ್ತೂ ಒಂದೇ ಸಿಎಂಎಸ್ ಮೇಲೆ ಕಟ್ಟಿದವು. ಸಿಎಂಎಸ್ ಎಂದರೆ ಕೋಡ್ ಬರೆಯಲು ಬಾರದವರೂ ಪುಟ ಬರೆದು, ಚಿತ್ರ ಹಾಕಿ, ಆರ್ಡರ್ ತೆಗೆದುಕೊಳ್ಳಲು ಅನುಕೂಲ ಮಾಡಿಕೊಡುವ ತಂತ್ರಾಂಶ. ನಾನು ಬಳಸುವುದು ಓಪನ್ ಸೋರ್ಸ್; ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ. ಎಲ್ಲೋ ಒಂದು ಕಡೆ ತೂತು ಕಂಡರೆ ಜಗತ್ತಿನ ಯಾವುದೋ ಮೂಲೆಯವರು ಅದನ್ನು ಮುಚ್ಚಿ ಹೊಸ ಆವೃತ್ತಿ ಬಿಡುತ್ತಾರೆ. ಅದನ್ನು ನಾವು ಹಾಕಿಕೊಳ್ಳುವುದೇ ಅಪ್‌ಡೇಟ್. ಹಾಕಿಕೊಳ್ಳದಿದ್ದರೆ ತೂತು ಎಲ್ಲಿದೆ ಎಂಬುದು ಕಳ್ಳರಿಗೂ ಗೊತ್ತಾಗಿರುತ್ತದೆ.

ಆ ದಿನ ಆಗಿದ್ದೂ ಅದೇ. ಬೆಳಿಗ್ಗೆ ಆರೂವರೆಗೆ ಸುಜಾತಾ ಫೋನ್ ಮಾಡಿದ್ದಳು. ಕೇಂದ್ರದ ಪುಟ ತೆರೆದರೆ ಜೂಜಾಟದ ಜಾಹೀರಾತು ಬರುತ್ತಿತ್ತು. ನಾನು ಮೊದಲ ಬಸ್ಸು ಹಿಡಿದು ಬಂದೆ. ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಒಳಹೊಕ್ಕು ನೋಡಿದರೆ, ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಯಾರೋ ಒಂದು ಹಳೆಯ ಪ್ಲಗಿನ್ ಮೂಲಕ ಒಳಬಂದಿದ್ದರು. ಪ್ಲಗಿನ್ ಎಂದರೆ ಸಿಎಂಎಸ್‌ಗೆ ನಾವು ಜೋಡಿಸುವ ಹೆಚ್ಚುವರಿ ತುಣುಕು. ಪುಟಗಳೆಲ್ಲ ಕೆಟ್ಟಿದ್ದವು. ಆರ್ಡರುಗಳಿದ್ದ ಕೋಷ್ಟಕ ಪೂರ್ತಿ ಬರಿದಾಗಿತ್ತು.

ಪುಟ ಕೆಟ್ಟರೆ ಮತ್ತೆ ಬರೆಯಬಹುದು. ಆರ್ಡರ್ ಹೋದದ್ದು ದೊಡ್ಡ ಸಂಕಟ. ಕೇಂದ್ರದ ಪದ್ಧತಿ ಹೀಗಿತ್ತು: ಶನಿವಾರಕ್ಕೆ ಆರ್ಡರ್ ಬಂದ್, ಒಟ್ಟು ಎಷ್ಟು ರೊಟ್ಟಿ ಎಂದು ಸುಜಾತಾ ಹೇಳಿದಷ್ಟನ್ನು ಹೆಂಗಸರು ಬಡಿದಿಡುವುದು, ಮಂಗಳವಾರ ವಿಳಾಸಗಳ ಚೀಟಿ ಮುದ್ರಿಸಿ ಸಂಜೆ ಬಸ್ಸಿಗೆ ಹಾಕುವುದು. ಹೀಗಾಗಿ ರೊಟ್ಟಿಯೆಲ್ಲ ಸಿದ್ಧವಾಗಿ ಗೋಡೆಗುಂಟ ಒಟ್ಟಿತ್ತು, ಯಾವುದು ಯಾರ ಮನೆಗೆ ಎಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆರ್ಡರ್ ಬಂದಾಗಲೆಲ್ಲ ಇಮೇಲ್ ಬರುವ ವ್ಯವಸ್ಥೆ ಮೊದಲು ಇತ್ತು. ಪೆಟ್ಟಿಗೆ ತುಂಬುತ್ತದೆಂದು ನಾನೇ ನಿಲ್ಲಿಸಿದ್ದೆ. ಮೂವತ್ತೊಂದು ಆರ್ಡರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತುರ್ವಿಹಾಳದ ಒಂದು ಮನೆಯ ಕುಬಸಕ್ಕೆ, ನಾಲ್ಕು ನೂರು ರೊಟ್ಟಿ. ಕುಬಸ ಬುಧವಾರ. ತುರ್ವಿಹಾಳ ಎಂಬುದಷ್ಟೇ ಸುಜಾತಾಗೆ ನೆನಪಿತ್ತು. ಅಷ್ಟು ದೊಡ್ಡ ಊರಲ್ಲಿ ಯಾರ ಮನೆಯೆಂದು ಹುಡುಕುವುದು?

“ಬಸುರಿ ಹೆಂಗಸಿನ ಉಡಿ ತುಂಬೋ ದಿನ ನಮ್ಮ ರೊಟ್ಟಿ ಮುಟ್ಟಲಿಲ್ಲಂದ್ರ, ಸಾಹೇಬ್ರ, ನಾವು ಹಂಚು ಬೋರಲು ಹಾಕೂದ ಚಲೋ” ಎಂದರು ನೀಲಮ್ಮ. ಅಷ್ಟು ಹೇಳಿ ಒಳಕೋಣೆಗೆ ಹೋದರು.

ಉಳಿದದ್ದು ಒಂದೇ ದಾರಿ, ಬ್ಯಾಕಪ್. ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದೆ. ದಿನಾ ಸಂಜೆ ಆರಕ್ಕೆ ಅದು ವೆಬ್‌ಸೈಟಿನ ಪೂರ್ತಿ ಪ್ರತಿಯನ್ನು ಇಳಿಸಿಕೊಂಡು, ಹಿಂದಿನ ದಿನದ ಪ್ರತಿಯನ್ನು ಅಳಿಸುತ್ತಿತ್ತು. ಜಾಗ ಉಳಿಸಲು ಒಂದೇ ಪ್ರತಿ ಸಾಕೆಂದು ತೀರ್ಮಾನಿಸಿದವನು ನಾನು. ಪ್ರತಿ ಇಳಿದದ್ದಕ್ಕೆ ಸುಜಾತಾ ದಿನಾ ರೈಟ್ ಹಾಕುವ ಒಂದು ರಿಜಿಸ್ಟರ್ ಇತ್ತು, ತೆರೆದು ನೋಡಿದೆ. ಸೋಮವಾರದ ಮನೆಯಲ್ಲಿ ನೀಟಾದ ರೈಟ್ ಮಾರ್ಕು ಇತ್ತು. ಕಳ್ಳರು ಬಂದದ್ದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಪ್ರತಿ ಇಳಿದದ್ದು ಸೋಮವಾರ ಸಂಜೆ ಆರಕ್ಕೆ. ಎಂದರೆ ಇರುವ ಒಂದೇ ಪ್ರತಿಯೂ ಕೆಟ್ಟದ್ದು. ಎದ್ದು ಹೋಗಿ ಕಡತದ ದಿನಾಂಕ ನೋಡುವ ಯೋಚನೆ ಬರಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದನ್ನು ಮೂವತ್ತನಾಲ್ಕು ವರ್ಷ ನಂಬಿದವನು ನಾನು. ಪುಸ್ತಕ ಮುಚ್ಚಿ, ಪಟ್ಟಿ ಹೋಯಿತು, ಇನ್ನು ಆಸೆ ಬಿಡಬೇಕು ಎಂದೆ.

ಸುಜಾತಾ ರಿಜಿಸ್ಟರನ್ನು ಮತ್ತೆ ತೆರೆದು ಸೋಮವಾರದ ಮನೆಯ ಮೇಲೆ ಬೆರಳಿಟ್ಟಳು.

“ಸರ್, ಆ ರೈಟ್ ಮಾರ್ಕು ಸುಳ್ಳೈತ್ರಿ.”

ನನಗೆ ಅರ್ಥವಾಗಲಿಲ್ಲ. ಅವಳು ದನಿ ತಗ್ಗಿಸಿ ವಿವರಿಸಿದಳು. ಪ್ರತಿ ಸೋಮವಾರ ಬೆಳಗಾಗುತ್ತಲೇ ನೀಲಮ್ಮ ಆ ಕಂಪ್ಯೂಟರ್ ಆರಿಸುತ್ತಾರೆ. ಮಂಗಳವಾರ ಅದಕ್ಕೆ ಊದಿನಕಡ್ಡಿ ಬೆಳಗಿ ಮತ್ತೆ ಚಾಲೂ ಮಾಡುತ್ತಾರೆ. ಎರಡು ವರ್ಷದಿಂದ ಇದು ನಡೆದಿದೆ. ಗೋಡೆಗೆ ನಾನು ಅಂಟಿಸಿದ ಹನ್ನೆರಡು ನಿಯಮಗಳಲ್ಲಿ ಮೊದಲನೆಯದೇ ಯಂತ್ರ ಆರಿಸಬಾರದು ಎಂಬುದು. ಹಿರಿಯರಿಗೆ ಬೇಡವೆನ್ನಲು ಆಗದೆ, ನನಗೆ ಹೇಳಲು ಹೆದರಿ, ಅವಳು ಸೋಮವಾರದ ಮನೆ ತುಂಬುತ್ತಾ ಬಂದಿದ್ದಳು.

ಹಾಗಾದರೆ ಒಳಗಿರುವುದು ಭಾನುವಾರದ ಪ್ರತಿ! ಆದರೆ ಮರುಗಳಿಗೆಯೇ ಇನ್ನೊಂದು ಹೊಳೆಯಿತು. ತಪ್ಪಿದ ಪ್ರತಿಯನ್ನು ಯಂತ್ರ ಚಾಲೂ ಆದ ಕೂಡಲೇ ಇಳಿಸಿಕೊಳ್ಳಬೇಕೆಂದು ನಾನೇ ಅದಕ್ಕೆ ಹೇಳಿಟ್ಟಿದ್ದೆ. ಈಗ ಚಾಲೂ ಮಾಡಿದರೆ ಒಳ್ಳೆಯದು ಅಳಿಸಿ ಕೆಟ್ಟದ್ದು ಬಂದು ಕೂರುತ್ತದೆ. ಒಳಕೋಣೆಯಿಂದ ಊದಿನಕಡ್ಡಿಯ ವಾಸನೆ ಆಗಲೇ ಬರುತ್ತಿತ್ತು.

ಆ ವಯಸ್ಸಿನಲ್ಲಿ ಓಡಬಲ್ಲಷ್ಟು ಓಡಿದೆ. ನೀಲಮ್ಮನವರ ಬೆರಳು ಸ್ವಿಚ್ಚಿನ ಮೇಲಿತ್ತು.

“ಅಕ್ಕಾ, ಕೈ ತೆಗೀರಿ.”

ಅವರು ಬೆಚ್ಚಿ ಕೈ ತೆಗೆದರು. ನಾನು ಇಂಟರ್ನೆಟ್ಟಿನ ತಂತಿ ಕಿತ್ತು ಕೈಯಲ್ಲಿ ಹಿಡಿದುಕೊಂಡೇ, ಈಗ ಒತ್ತಿ ಎಂದೆ. ಯಂತ್ರ ಎದ್ದಿತು. ಕಡತದ ಮೇಲೆ ಭಾನುವಾರ, ಸಂಜೆ ಆರು ಗಂಟೆ ಎಂದಿತ್ತು. ಮೂವತ್ತೊಂದು ಆರ್ಡರೂ ಒಳಗಿದ್ದವು.

ನಿಯಮ ಮುರಿದದ್ದೇಕೆ ಎಂದು ನೀಲಮ್ಮನವರನ್ನು ಕೇಳದೆ ಇರಲು ಆಗಲಿಲ್ಲ. ಅವರಿಗೆ ಅದು ತಪ್ಪೆಂದೇ ಅನ್ನಿಸಿರಲಿಲ್ಲ. “ಸೋಮವಾರ ನಮ್ಮ ಮನ್ಯಾಗ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ರಿ. ಇದೂ ಹಗಲು ರಾತ್ರಿ ಗುರ್ ಅಂತ ದುಡಿತೈತಿ. ಬಾಯಿಲ್ಲ ಅಂತ ಒಂದಿನಾನೂ ಬಿಡುವು ಬ್ಯಾಡೇನ್ರಿ ಅದಕ್ಕ?” ಎಂದರು.

ಕಳ್ಳರು ಒಳಬಂದದ್ದು ಹೇಗೆಂದು ಹುಡುಕುತ್ತಾ ಹೋದಾಗ ಕಥೆಯ ಇನ್ನೊಂದು ಮುಖ ತೆರೆಯಿತು. ನನ್ನ ವೇಳಾಪಟ್ಟಿಯಲ್ಲಿ ಅಪ್‌ಡೇಟ್ ಮಾಡುವ ದಿನವೂ ಸೋಮವಾರವೇ. ಯಂತ್ರಕ್ಕೆ ರಜೆಯಿದ್ದ ದಿನ ವೆಬ್‌ಸೈಟಿನ ತಂಟೆಗೂ ಹೋಗಬೇಡ ಎಂದು ನೀಲಮ್ಮ ಏಳು ವಾರದ ಹಿಂದೆ ಸುಜಾತಾಗೆ ಹೇಳಿದ್ದರು. ಅಂದಿನಿಂದ ಅಪ್‌ಡೇಟ್ ಆಗಿರಲಿಲ್ಲ. ಬಾಗಿಲು ತೆರೆದಿಟ್ಟದ್ದೂ ಆ ಸೋಮವಾರದ ಬಿಡುವೇ, ಗಂಟು ಉಳಿಸಿದ್ದೂ ಅದೇ. ಬೈಯಬೇಕೋ ಕೈಮುಗಿಯಬೇಕೋ ತಿಳಿಯದೆ ನಾನು ಚಹಾ ಕೇಳಿದೆ.

ಆಮೇಲಿನದು ಕ್ರಮಬದ್ಧ ಕೆಲಸ. ಸರ್ವರಿನಲ್ಲಿದ್ದದ್ದನ್ನೆಲ್ಲ ಅಳಿಸಿದೆವು, ಕೆಟ್ಟದ್ದರಲ್ಲಿ ಒಳ್ಳೆಯದನ್ನು ಆರಿಸಲು ಹೋದರೆ ಎಲ್ಲೋ ಒಂದು ಮುಳ್ಳು ಉಳಿದುಬಿಡುತ್ತದೆ. ಸಿಎಂಎಸ್‌ನ ಹೊಸ ಪ್ರತಿಯನ್ನು ಅದರ ಮೂಲ ತಾಣದಿಂದಲೇ ಇಳಿಸಿ ಹಾಕಿದೆವು. ಭಾನುವಾರದ ಡೇಟಾಬೇಸನ್ನೂ ಚಿತ್ರಗಳನ್ನೂ ಪರೀಕ್ಷಿಸಿ ಏರಿಸಿದೆವು. ಹಳೆಯ ಪ್ಲಗಿನ್ ಕಿತ್ತುಹಾಕಿ, ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿದೆವು. ಅಪ್‌ಡೇಟ್ ಗುಂಡಿಯನ್ನು ಸುಜಾತಾಳ ಕೈಯಿಂದಲೇ ಒತ್ತಿಸಿದೆ. ಎಲ್ಲ ಮುಗಿದು ಪುಟ ತೆರೆದಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ.

ಊಟಕ್ಕೆ ಕೂತಾಗ ಸುಜಾತಾಳನ್ನು ಕರೆದು, ನನಗೆ ಯಾಕೆ ಹೇಳಲಿಲ್ಲವ್ವಾ ಎಂದು ಕೇಳಿದೆ. “ನಿಮ್ಮ ರಿಜಿಸ್ಟರಿನಾಗ ಇಲ್ಲ ಅನ್ನಾಕ ಜಾಗಾನ ಇಲ್ಲಲ್ರೀ ಸರ್” ಎಂದಳು. ನೋಡಿದರೆ ನಿಜ. ರೈಟ್ ಹಾಕಲು ಮನೆ ಇತ್ತು, ಆಗಲಿಲ್ಲ ಎಂದು ಬರೆಯಲು ಮನೆ ಇರಲಿಲ್ಲ. ಪಟ್ಟಿ ಎಳೆದವನು ನಾನು. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಇದೇ ದೊಡ್ಡದು: ನಿಜ ಬರೆಯಲು ಹೆದರುವಂಥ ರಿಜಿಸ್ಟರ್ ಇಟ್ಟರೆ ಅದರಲ್ಲಿ ಸುಳ್ಳೇ ತುಂಬುತ್ತದೆ, ಮತ್ತು ಅದು ಬರೆದವರ ತಪ್ಪಲ್ಲ. ಅಂದೇ ಆಗಲಿಲ್ಲ ಎನ್ನುವ ಮನೆಯನ್ನೂ ಸೇರಿಸಿ ಹೊಸ ಪಟ್ಟಿ ಎಳೆದೆ. ಅಪ್‌ಡೇಟ್ ಮಂಗಳವಾರಕ್ಕೆ ಬಂತು. ಒಂದು ಪ್ರತಿಯ ಬದಲು, ಸೋಮವಾರ ಬಿಟ್ಟು ದಿನಕ್ಕೊಂದರಂತೆ ಆರು ಪ್ರತಿ ಇಡುವುದಾಯಿತು. ಏಳನೆಯದಕ್ಕೆ ನೀಲಮ್ಮ ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಮೂರು ಗಂಟೆಗೆ ಚೀಟಿಗಳು ಮುದ್ರಣವಾದವು. ತುರ್ವಿಹಾಳದ ಆರ್ಡರಿನ ಕೆಳಗೆ ಒಂದು ಸಾಲು ಇತ್ತು, ಅದನ್ನು ಶನಿವಾರ ಯಾರೂ ಗಮನಿಸಿರಲಿಲ್ಲ. ಸುಜಾತಾ ಜೋರಾಗಿ ಓದಿದಳು: “ನಮ್ಮ ಸೊಸಿ ಗುರೆಳ್ಳು ಚಟ್ನಿ ಬಯಸ್ಯಾಳ. ನಿಮ್ಮ ಕಡಿಂದ ಆದ್ರ ಸ್ವಲ್ಪ ಕಳಸ್ರಿ.” ನೀಲಮ್ಮ ಎದ್ದು ಒಲೆ ಹೊತ್ತಿಸಿದರು. ಗುರೆಳ್ಳು ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ತಾವೇ ಕುಟ್ಟಿದರು. ಐದೂವರೆಗೆ ಸಿಂಧನೂರಿನ ಬಸ್ಸು ಬಂದಾಗ ಚಟ್ನಿಯ ಪೊಟ್ಟಣ ಇನ್ನೂ ಬೆಚ್ಚಗಿತ್ತು. ಅದನ್ನು ತುರ್ವಿಹಾಳದ ರೊಟ್ಟಿ ಡಬ್ಬಿಯಲ್ಲಿಟ್ಟು, ಹಗ್ಗ ಬಿಗಿದು, ಮೇಲೆ ಹೆಸರಿನ ಚೀಟಿ ಅಂಟಿಸಿ, ಮೂವತ್ತೊಂದನೆಯ ಡಬ್ಬಿಯನ್ನು ನಾನೇ ಎತ್ತಿ ಕಂಡಕ್ಟರ್ ಕೈಗೆ ಕೊಟ್ಟೆ.