ಹುಳಮನೆ ಬಾಗಿಲಿಗೆ ಬಂದ ಸನ್ಮಾನ

ಗೆಳೆಯರೇ, ಇವತ್ತು ಬೆಳಿಗ್ಗೆ ನನ್ನ ಸನ್ಮಾನವನ್ನು ನಾನೇ ಬಾಗಿಲಲ್ಲಿ ತಡೆದೆ.

ಸೇನೆಯಿಂದ ನಿವೃತ್ತನಾದ ಮೇಲೆ ರೊಳ್ಳ ಎಂಬ ಊರಿನ ಹತ್ತಿರ ರೇಷ್ಮೆ ಬೆಳೆಯುತ್ತಿದ್ದೇನೆ. ಹುಳ ಇವತ್ತು ಮೇವು ಬಿಟ್ಟು ಹಣ್ಣಾಗಿದ್ದವು. ಹೆಂಡತಿ, ಮಗಳು, ನಾನು ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುತ್ತಿದ್ದೆವು. ತಡವಾದರೆ ತಿಂಗಳ ದುಡಿಮೆ ಹಾಳು. ಆಗಲೇ ಊರಿನ ಮುಖಂಡರೊಬ್ಬರು ಶಾಲು, ಹಾರ, ಫೋಟೋದವನ ಸಮೇತ ಬಂದರು. ಮೈಯೆಲ್ಲ ಸೆಂಟು. ಆ ವಾಸನೆ ಹುಳಕ್ಕೆ ಆಗುವುದಿಲ್ಲ. ಹುಳ ಸಾಕುವ ಮನೆಯ ಬಾಗಿಲಿಗೆ ಅಡ್ಡ ನಿಂತೆ.

"ಫೋಟೋ ಹುಳದ್ ಮಧ್ಯಾನೇ ಬರ್ಬೇಕು ಕಣಪ್ಪ. ಸೈನಿಕ ರೈತ ಆದ ಅಂತ ಹಾಕ್ತೀವಿ," ಎಂದರು.

"ಸ್ನಾನ ಮಾಡ್ಕಂಡ್ ಬನ್ನಿ, ಬಿಡ್ತೀನಿ."

"ನನ್ನೇ ತಡೀತೀಯಾ? ಇದೇನು ಬಾರ್ಡರ್ ಅಂದ್ಕಂಡಿದೀಯಾ?"

"ಬಾರ್ಡರ್‌ನಾಗೆ ಮೇಲಿನೋರು ಹೇಳಿದ್ರೆ ಬಿಡ್ತಿದ್ದೆ. ಇಲ್ಲಿ ಮೇಲಿನೋಳು ನನ್ನ ಹೆಂಡ್ತಿ. ಅವ್ಳು ಬ್ಯಾಡ ಅಂದವ್ಳೆ."

"ಮಿಲಿಟ್ರಿಯೋನಾಗಿ ಹೆಂಡ್ತಿಗೆ ಹೆದರ್ತೀಯಲ್ಲೋ!"

"ಹೌದು. ಅದ್ನೂ ಫೋಟೋ ಕೆಳಗೆ ಬರ್ಸಿ."

ಅವರು ಶಾಲು, ಹಾರ ಎರಡನ್ನೂ ನನ್ನ ಕುತ್ತಿಗೆಗೆ ಎಸೆದು ಹೋದರು. ಗೆದ್ದೆನೆಂದು ಬೀಗುತ್ತಾ ಒಳಗೆ ಕಾಲಿಟ್ಟೆ. ಹೆಂಡತಿ ಮೂಗು ಮುಚ್ಚಿಕೊಂಡಳು.

"ಅಲ್ಲೇ ನಿಂತ್ಕ! ನೀನೂ ನಾರ್ತಾ ಇದೀಯ. ಹೋಗಿ ನೀರ್ ಹುಯ್ಕಂಡ್ ಬಾ."

ತಣ್ಣೀರಲ್ಲಿ ಮಿಂದು ಬಂದ ಮೇಲಷ್ಟೇ ನನ್ನನ್ನು ಒಳಗೆ ಬಿಟ್ಟಳು. ಶಾಲು ಇನ್ನೂ ಬೇಲಿಯ ಮೇಲಿದೆ. ವಾಸನೆ ಹೋಗುವ ತನಕ ಸನ್ಮಾನಕ್ಕೂ ನಮ್ಮ ಮನೆಯೊಳಗೆ ಪ್ರವೇಶವಿಲ್ಲ.