ಸತ್ಯಮ್ಮಜ್ಜಿಯ ರಕ್ತ ದಿಲ್ಲಿಗೆ ಹೋಗದ ಸಂಗತಿ

"ಕಾಶಿಗೆ ಮಂದಿ ಸಾಯಲಿಕ್ಕೆ ಬರ್ತಾರ. ಬದುಕಿದ್ದನ್ನ ನೋಡಲಿಕ್ಕೆ ಬಂದಾವ ನಾ ಒಬ್ಬನೇ." ಡಾಕ್ಟರ್ ಪ್ರಾಣೇಶ ಈ ಮಾತನ್ನು ವಾರಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಕೊಪ್ಪಳದ ಕಡೆಯ ಈ ಮನುಷ್ಯ ಅಸ್ಸಿ ನಾಲೆಯಾಚೆಗಿನ ವೈದ್ಯಕೀಯ ಕಾಲೇಜೊಂದರಲ್ಲಿ ಹದಿಮೂರು ವರ್ಷಗಳಿಂದ ಸೂಕ್ಷ್ಮದರ್ಶಕಕ್ಕೆ ಸಿನಿಮಾ ಕ್ಯಾಮೆರಾ ಕಟ್ಟಿಕೊಂಡು ಕೂತಿದ್ದರು. ಉಳಿದವರು ಜೀವಕೋಶವನ್ನು ಕೊಂದು, ಬಣ್ಣ ಹಚ್ಚಿ ನೋಡುತ್ತಾರೆ. ತಾವು ಜೀವಂತವಾಗಿಯೇ ಹಿಡಿಯುವವರು. ತಮ್ಮ ಫಿಲ್ಮಿನಲ್ಲಿ ಅದಕ್ಕೆ ಸಾವೇ ಇಲ್ಲ. ಈ ಕೆಲಸದಲ್ಲಿ ಇಡೀ ಏಷ್ಯಾಕ್ಕೆ ತಾವೇ ಮೊದಲಿಗರು ಎಂಬುದು ಅವರ ಹೆಮ್ಮೆ. ಏಷ್ಯಾವನ್ನು ಯಾರೂ ಹೋಗಿ ವಿಚಾರಿಸಿರಲಿಲ್ಲ. "ಏಷ್ಯಾದ ಮೊದಲಿಗರು ಸ್ವಲ್ಪ ಹಾಲು ತಂದುಕೊಡ್ತೀರೇನು?" ಎಂದು ಹೆಂಡತಿ ಕಮಲಾದೇವಿ ದಿನಾ ಬೆಳಿಗ್ಗೆ ಅವರನ್ನು ಶಿವಾಲದ ಗಲ್ಲಿಗೆ ಇಳಿಸುತ್ತಿದ್ದರು.

ಅವರಿದ್ದ ಮನೆಯ ಕೆಳಗಿನ ಕೋಣೆಯಲ್ಲಿ ಸತ್ಯಮ್ಮಜ್ಜಿ ಇದ್ದರು. ಗಂಗಾವತಿಯ ಕಡೆಯವರು. ಗಂಡ ತೀರಿಕೊಂಡ ಮೇಲೆ, ೧೯೫೯ರಲ್ಲಿ, "ಇನ್ನೇನು, ಆರು ತಿಂಗಳು" ಎಂದು ಬಂದವರಿಗೆ ಈಗ ಹದಿನೈದು ವರ್ಷ ತುಂಬಿತ್ತು. ವರುಣಾ ಮತ್ತು ಅಸ್ಸಿಗಳ ನಡುವಿನ ಕಾಶಿಯ ಗಡಿಯನ್ನು ಸಾಯುವ ತನಕ ದಾಟುವುದಿಲ್ಲವೆಂದು ವ್ರತ ಹಿಡಿದಿದ್ದರು. ಮೊಮ್ಮಗನ ಮದುವೆಗೂ ಹೋಗಲಿಲ್ಲ. ಎದುರು ದಡದ ರಾಮನಗರಕ್ಕೆ ದೋಣಿ ಹತ್ತಿದವರೂ ಅಲ್ಲ. ಆಚೆ ದಡದಲ್ಲಿ ಸತ್ತವರು ಕತ್ತೆಯಾಗಿ ಹುಟ್ಟುತ್ತಾರೆಂದು ಊರಿನವರು ಹೇಳುತ್ತಾರಲ್ಲ, ದಡ ಮುಟ್ಟಿದ ಕ್ಷಣವೇ ಪ್ರಾಣ ಹೋಗಿಬಿಟ್ಟರೆ?

ವಯಸ್ಸಾದಂತೆ ರಕ್ತದ ಬಿಳಿ ಕಣಗಳೂ ಸೋಮಾರಿಯಾಗುತ್ತವೆ ಎಂಬುದು ಪ್ರಾಣೇಶರ ಸಿದ್ಧಾಂತ. ಅದನ್ನು ಸಾಧಿಸಲು ಅಜ್ಜಿಯ ಬೆರಳು ಚುಚ್ಚಿ, ಸೀಸೆ ತಣ್ಣಗಾಗದಂತೆ ಕಂಕುಳಲ್ಲಿ ಅವುಚಿಕೊಂಡು, ಸೈಕಲ್ ರಿಕ್ಷಾದಲ್ಲಿ ಕಾಲೇಜಿಗೆ ಒಯ್ದಿದ್ದರು. ಅಜ್ಜಿಯ ಕಣಗಳು ಸಿದ್ಧಾಂತದ ಮರ್ಯಾದೆ ಇಡಲಿಲ್ಲ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರಿಕ್ಷಾದವರು ಹೊಸ ಯಾತ್ರಿಕನ ಬೆನ್ನು ಹತ್ತುವ ಹಾಗೆ ರೋಗಾಣುವಿನ ಬೆನ್ನು ಹತ್ತಿ ಹಿಡಿದು ನುಂಗಿದವು. ಅದೇ ಹೊತ್ತಿನಲ್ಲಿ ವಿದ್ಯಾರ್ಥಿಗಳ ಕಣಗಳು ಊಟವಾದ ಮೇಲೆ ಪಾನ್ ಹಾಕಿಕೊಂಡವರಂತೆ ಮಲಗಿದ್ದವು. ಸಿದ್ಧಾಂತ ಹೋಯಿತು, ಆದರೆ ಫಿಲ್ಮು ಅದ್ಭುತವಾಗಿ ಬಂತು.

ಇಷ್ಟರಲ್ಲಿ ದಿಲ್ಲಿಯಿಂದ ಕಾಗದ ಬಂತು. ಜೀವಕೋಶ ಚಿತ್ರಣಕ್ಕೆ ಹೊಸ ವಿಭಾಗವೊಂದನ್ನು ತೆರೆಯುವುದಿದೆ. ಪ್ರಾಣೇಶ ಬಂದು ಫಿಲ್ಮು ತೋರಿಸಿದರೆ, ಸಮಿತಿಗೆ ಒಪ್ಪಿಗೆಯಾದರೆ, ಅವರೇ ಅದರ ಪ್ರೊಫೆಸರು. ಆಗ ಅವರಿಗೆ ಐವತ್ತೊಂದು. ಈ ರೈಲು ತಪ್ಪಿದರೆ ಮುಂದಿನದು ಇಲ್ಲವೆಂದು ಅವರಿಗೂ ಗೊತ್ತಿತ್ತು, ಹಾಲಿನವನಿಗೂ ಗೊತ್ತಿತ್ತು.

ಕಮಲಾದೇವಿ ಟ್ರಂಕಿನಲ್ಲಿ ಚಟ್ನಿಪುಡಿ ಇಡುತ್ತಿದ್ದಾಗ ಅಜ್ಜಿ ಮೆಟ್ಟಿಲು ಹತ್ತಿ ಬಂದರು.

"ಏನೋ ಪ್ರಾಣೇಶ, ನನ್ನ ರಕ್ತ ದಿಲ್ಲಿಗೆ ಒಯ್ತೀಯಂತ?"

"ರಕ್ತ ಅಲ್ಲ ಅಜ್ಜಿ, ಅದರ ಚಿತ್ರ."

"ಚಿತ್ರದಾಗ ಅದು ಸತ್ತದೋ, ಬದುಕ್ಯದೋ?"

ಹದಿಮೂರು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಇತ್ತು. "ಜೀವಂತ ಅದ! ಅದಕ್ಕ ಸಾವೇ ಇಲ್ಲ!"

"ಹಂಗಾದ್ರ ಮುಗೀತು," ಅಜ್ಜಿ ಟ್ರಂಕಿನ ಪಕ್ಕದಲ್ಲೇ ಕೂತರು. "ನಾ ಇಲ್ಲಿ ಕಣ್ಣು ಮುಚ್ಚಿದರ, ನನ್ನ ತುಣುಕು ದಿಲ್ಲ್ಯಾಗ ಓಡಾಡಿಕೋತ ಇರ್ತದ. ಅದೊಂದರ ಸಲುವಾಗಿ ನಾ ಮತ್ತ ಹುಟ್ಟಿ ಬರಬೇಕೇನು?"

ಪ್ರಾಣೇಶ ಬೆಳಕು, ಮಸೂರ, ಬೆಳ್ಳಿಯ ಲೇಪ ಎಲ್ಲವನ್ನೂ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿ, "ಅದೆಲ್ಲಾ ಇರಲಿ. ಬದುಕ್ಯದ ಅಂತ ನೀನೇ ಅಂದಿ" ಎಂದರು.

"ಅಲ್ರೀ, ಅವರದು ಹದಿನೈದು ವರ್ಷದ ವ್ರತ, ನಿಮ್ಮದು ಹದಿನೈದು ನಿಮಿಷದ ಸಿನಿಮಾ," ಎಂದು ಕಮಲಾದೇವಿ ಚಟ್ನಿಪುಡಿಯ ಡಬ್ಬಿಯನ್ನು ಟ್ರಂಕಿನಿಂದ ಹೊರಗೆ ತೆಗೆದರು.

ಹೇಳದೆ ಹೊರಟುಬಿಡಬಹುದಿತ್ತು. ಆದರೆ ಕೇಳಿದಾಗಲೆಲ್ಲ ಏನು, ಎತ್ತ ಎನ್ನದೆ ಬೆರಳು ಚಾಚಿದ ಮುದುಕಿ. ಎರಡು ದಿನ ಒದ್ದಾಡಿ ಪ್ರಾಣೇಶ ದಿಲ್ಲಿಗೆ ಬರೆದರು: "ಈ ವಸ್ತುವನ್ನು ವಾರಾಣಸಿಯ ಗಡಿಯಾಚೆ ಸಾಗಿಸುವುದು ಅಸಾಧ್ಯ." ಕಾರಣ ಬರೆಯಲಿಲ್ಲ. ಅಂಚೆಗೆ ಹಾಕಿ ಬಂದು, ಪ್ರೊಫೆಸರಾಗುವ ಆಸೆಗೆ ಮನಸ್ಸಿನಲ್ಲೇ ಎಳ್ಳುನೀರು ಬಿಟ್ಟರು.

ಸಮಿತಿ ಅದನ್ನು ಉಷ್ಣಾಂಶಕ್ಕೆ ಸಂಬಂಧಿಸಿದ ಗಹನ ವಿಷಯವೆಂದು ತಿಳಿಯಿತು. ಹತ್ತೇ ದಿನದಲ್ಲಿ ಉತ್ತರ: ತಾವೇ ಬರುತ್ತೇವೆ. ಐದು ಜನ ವಿಜ್ಞಾನಿಗಳು. ಜೊತೆಗೆ ಹೆಂಡಂದಿರು, ಇಬ್ಬರು ಅತ್ತೆಯರು, ಅಧ್ಯಕ್ಷರ ತಾಯಿ. ಮೊದಲು ಕೇದಾರ ಘಾಟಿನಲ್ಲಿ ಸ್ನಾನ, ಆಮೇಲೆ ದರ್ಶನ, ಆಮೇಲೆ ಇಡ್ಲಿ, ಕಟ್ಟಕಡೆಗೆ ವಿಜ್ಞಾನ.

ಅಜ್ಜಿಯ ಕರಾರಿನಂತೆ ಪ್ರದರ್ಶನ ಶಿವಾಲದ ಮನೆಯಲ್ಲೇ ಆಯಿತು. ಮಧ್ಯಾಹ್ನ ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ಪಂಚೆ ಕಟ್ಟಿದರು. ಪಂಚೆಯ ಮೇಲೆ ಅಜ್ಜಿಯ ಕಣ ಓಡಿತು, ಹಿಡಿಯಿತು, ನುಂಗಿತು. ಐವರೂ ಚಪ್ಪಾಳೆ ತಟ್ಟಿದರು. ಪ್ರಾಣೇಶ ಏಷ್ಯಾದ ವಿಷಯ ಎತ್ತುವುದರಲ್ಲಿದ್ದರು.

"ಆಮ್ಯಾಲೆ?" ಹಿಂದಿನಿಂದ ಅಜ್ಜಿಯ ದನಿ.

"ಆಮ್ಯಾಲೇನು ಅಜ್ಜಿ, ಮುಗೀತು."

"ಫಿಲ್ಮು ಮುಗೀತಪಾ. ಅದು ಯಾವಾಗ ಸತ್ತಿತು? ಎಲ್ಲಿ?"

ಅಧ್ಯಕ್ಷರು ಅನುವಾದ ಕೇಳಿದರು, ಕನ್ನಡಕ ತೆಗೆದರು. ಒಳ್ಳೆಯ ಪ್ರಶ್ನೆ, ಕೋಶ ಹೇಗೆ ಸಾಯುತ್ತದೆ, ದಾಖಲೆ ಇದೆಯೇ, ಎಂದರು. ದಾಖಲೆ ಇರಲಿಲ್ಲ. ಹದಿಮೂರು ವರ್ಷ ಪ್ರತಿಸಲವೂ, ಕಣ ಮಂದವಾಗುತ್ತಲೇ ಪ್ರಾಣೇಶ ಕ್ಯಾಮೆರಾ ನಿಲ್ಲಿಸಿ ಚಹಾಕ್ಕೆ ಹೋಗಿದ್ದರು. ಸಾಯುವುದನ್ನು ನೋಡಲು ಕಾಶಿಯಲ್ಲಿ ಪ್ರಯೋಗಾಲಯ ಬೇಕೇ ಎಂಬುದು ಅವರ ವಾದ.

"ಯಾವಾಗ ಅನ್ನೂದು ನೋಡಿಲ್ಲ ಅಜ್ಜಿ," ಅಂದರು. ಇನ್ನೊಂದು ಪ್ರಶ್ನೆಗೆ ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಎಲ್ಲಿ ಅಂದ್ರ... ಕಾಲೇಜಿನ್ಯಾಗ. ಅಸ್ಸಿ ಆಚೆ."

ಅಜ್ಜಿ ಪಂಚೆಯ ಕಡೆ ಕೈ ಮಾಡಿದರು. "ಆತು. ಆ ಒಂದು ಕಣ ಕತ್ತೆಯಾಗಿ ಹುಟ್ಟಲಿ. ನೀನೇ ಅದನ್ನ ಸಾಕಿಕೋ. ಇನ್ನ ಮುಂದ ನಿನ್ನ ಡಬ್ಬಿ ಇಲ್ಲಿಗೇ ತಾ. ಚುಚ್ಚಿದ್ದು ಇಲ್ಲೇ ಸಾಯಬೇಕು. ನೀ ಕಡೀತನಕ ಪಕ್ಕದಾಗ ಕೂಡಬೇಕು. ಸಾಯೋರನ್ನ ಒಬ್ಬರನ್ನೇ ಬಿಟ್ಟು ಹೋಗಬಾರದು."

ಸಮಿತಿ ಅದಕ್ಕೂ ಒಪ್ಪಿತು, ವಿಭಾಗ ಕಾಶಿಯಲ್ಲೇ ಇರಲೆಂದಿತು. ಆಜ್ಞಾಪತ್ರದಲ್ಲಿ ಪ್ರಾಣೇಶರು ಪ್ರೊಫೆಸರು. ವಿಷಯ, ಜೀವಕೋಶಗಳ ಮರಣ. ಬದುಕಿದ್ದನ್ನು ನೋಡಲು ಬಂದವರು ಬೋರ್ಡು ಬರೆಸುವಾಗ ಆ ಕೊನೆಯ ಪದವನ್ನು ಆದಷ್ಟು ಸಣ್ಣ ಅಕ್ಷರದಲ್ಲಿ ಬರೆಸಿದರು.

ಮುಂದಿನ ಸೋಮವಾರ ಸೂಕ್ಷ್ಮದರ್ಶಕ ಅಜ್ಜಿಯ ಕೋಣೆಗೆ ಬಂತು. ಬೆಳಿಗ್ಗೆ ಬೆರಳು ಚುಚ್ಚಿ ಕೂತರು. ಕಣ ಓಡಿತು, ತಡವರಿಸಿತು, ಒಂದು ಕಡೆ ನಿಂತಿತು. ಚಹಾ ತಣ್ಣಗಾಯಿತು. ಅಂಚು ಒಮ್ಮೆ ನಡುಗಿ ಸುಮ್ಮನಾದಾಗ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ.

"ಹೋತು ಅಜ್ಜಿ," ಎಂದರು. ಆಮೇಲೆ ಕ್ಯಾಮೆರಾ ನಿಲ್ಲಿಸಿದರು.

"ಸುಖವಾಗಿ ಹೋತು," ಅಜ್ಜಿ ಎದ್ದರು. "ನಡಿ, ಸ್ನಾನ ಮಾಡೋಣ."

ಕೇದಾರ ಘಾಟಿನಲ್ಲಿ ಮುಳುಗೆದ್ದು ಒದ್ದೆ ಪಂಚೆ ಹಿಂಡುತ್ತಿದ್ದ ಪ್ರೊಫೆಸರನ್ನು ನೋಡಿ ಪರಿಚಯದ ದೋಣಿಯವನು ಕೇಳಿದ, ಯಾರು ತೀರಿಕೊಂಡರೆಂದು: "ಕೌನ್ ಗುಜರ್ ಗಯಾ, ಡಾಕ್ಟರ್ ಸಾಬ್?"

ಪ್ರಾಣೇಶ ಮೇಲಿನ ಮೆಟ್ಟಿಲ ಮೇಲೆ ಸೀರೆಯ ಸೆರಗು ಹಿಂಡುತ್ತಿದ್ದ ಅಜ್ಜಿಯ ಕಡೆ ಕೈ ತೋರಿಸಿದರು. "ಸತ್ಯಮ್ಮಾಜೀ. ಥೋಡೀ ಸೀ."

ಸ್ವಲ್ಪ ಮಾತ್ರ ಎಂದರೆ ಎಷ್ಟು ಎಂದು ಅವನು ಕೇಳಲಿಲ್ಲ. "ರಾಮ್ ರಾಮ್" ಎಂದು ಹುಟ್ಟು ಹಾಕುತ್ತ ಮುಂದಕ್ಕೆ ಹೋದ.